ರೆಟಿನಾಲ್, ಅಡಾಪಲೀನ್, ಟ್ರೆಟಿನಾಯಿನ್: ವಿಟಮಿನ್ ಎ ಕ್ರೀಮುಗಳಲ್ಲಿ ಯಾವುದು ಯಾರಿಗೆ?

ಸುಕ್ಕಿಗೂ ಮೊಡವೆಗೂ ಕಲೆಗೂ ಒಂದೇ ಬಳಗದ ಔಷಧ ಆಗಿಬರುತ್ತದೆ ಎಂದರೆ ಜಾಹೀರಾತಿನ ಮಾತಿನಂತೆ ಕೇಳುತ್ತದೆ. ವಿಟಮಿನ್ ಎ ಬಳಗದ, ಅಂದರೆ ರೆಟಿನಾಯ್ಡ್‌ಗಳ ವಿಷಯದಲ್ಲಿ ಮಾತ್ರ ಅದು ನಿಜ. ಐವತ್ತು ವರ್ಷಕ್ಕೂ ಮೀರಿದ ಪ್ರಯೋಗಗಳು ಇವುಗಳ ಬೆನ್ನಿಗಿವೆ. ತೊಡಕಿರುವುದು ಆಯ್ಕೆಯಲ್ಲಿ. ರೆಟಿನೈಲ್ ಪಾಲ್ಮಿಟೇಟ್, ರೆಟಿನಾಲ್, ರೆಟಿನಾಲ್ಡಿಹೈಡ್, ಅಡಾಪಲೀನ್, ಟ್ರೆಟಿನಾಯಿನ್ ಹೀಗೆ ಹತ್ತಿರಹತ್ತಿರದ ಹೆಸರುಗಳು, ಒಂದೊಂದರ ಪಕ್ಕ ಒಂದೊಂದು ಶೇಕಡಾವಾರು. 1% ಬರೆದ ಬಾಟಲಿ 0.025% ಬರೆದ ಟ್ಯೂಬಿಗಿಂತ ನಲವತ್ತು ಪಟ್ಟು ಬಲವಾದದ್ದು ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪು ಅವರದಲ್ಲ. ಆದರೆ ಇಲ್ಲಿ ಬಲವಾದದ್ದು ಆ ಟ್ಯೂಬೇ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಮೊಡವೆಯೇ ಮುಖ್ಯ ತೊಂದರೆಯಾದರೆ 0.1% ಅಡಾಪಲೀನ್. ಬಿಸಿಲು ತಿಂದ ಚರ್ಮದ ಸುಕ್ಕು, ಒರಟುತನ, ಕಲೆಗಳಿಗೆ ಚಿಕಿತ್ಸೆ ಬೇಕು, ವೈದ್ಯರ ಚೀಟಿಯೂ ಸಿಗುತ್ತದೆ ಎಂದಾದರೆ 0.025% ಟ್ರೆಟಿನಾಯಿನ್ ಕ್ರೀಮ್. ಚೀಟಿಯಿಲ್ಲದೆ ಅದೇ ದಾರಿಯಲ್ಲಿ ನಿಧಾನವಾಗಿ ಹೋಗುವವರಿಗೆ 0.05% ರೆಟಿನಾಲ್ಡಿಹೈಡ್, ಇಲ್ಲವೇ 0.2ರಿಂದ 0.3% ರೆಟಿನಾಲ್. ಬಸುರಿಯರು ಮತ್ತು ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಇವುಗಳಲ್ಲಿ ಯಾವುದನ್ನೂ ಮುಟ್ಟುವುದು ಬೇಡ. ಮುಂದೆ ಬರುವುದು ಈ ಉತ್ತರಗಳ ಹಿಂದಿನ ಕಾರಣಗಳು, ಮತ್ತು ತಂದ ಟ್ಯೂಬ್ ಮೂರನೇ ವಾರಕ್ಕೇ ಡ್ರಾಯರ್ ಸೇರದಂತೆ ಬಳಸುವ ಬಗೆ.

ಒಂದೇ ಸರಪಳಿಯ ಕೊಂಡಿಗಳು

ಚರ್ಮದ ಜೀವಕೋಶಕ್ಕೆ ಅರ್ಥವಾಗುವುದು ಒಂದೇ ಭಾಷೆ: ರೆಟಿನೋಯಿಕ್ ಆಮ್ಲ. ಅದು ಕೋಶಕೇಂದ್ರಕ್ಕೆ ಹೋಗಿ ಅಲ್ಲಿ ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳಾದ ರೆಟಿನೋಯಿಕ್ ಆಮ್ಲದ ರಿಸೆಪ್ಟರ್‌ಗಳಿಗೆ ಅಂಟಿಕೊಂಡಾಗ ಕೆಲವು ಜೀನ್‌ಗಳ ಕೆಲಸ ಹೆಚ್ಚುತ್ತದೆ, ಕೆಲವದು ತಗ್ಗುತ್ತದೆ. ಹೊರಚರ್ಮದ ಕೋಶಗಳು ಚುರುಕಾಗಿ ಹುಟ್ಟಿ ಮೇಲೆ ಬರುತ್ತವೆ, ರಂಧ್ರದೊಳಗೆ ಸತ್ತ ಕೋಶಗಳು ಗಂಟುಗಟ್ಟುವುದು ಕಡಿಮೆಯಾಗುತ್ತದೆ, ಒಳಚರ್ಮದಲ್ಲಿ ಅದಕ್ಕೆ ಬಿಗಿ ಕೊಡುವ ನಾರಾದ ಕೊಲಾಜನ್ ತಯಾರಿ ಹೆಚ್ಚುತ್ತದೆ, ಬಿಸಿಲಿಗೆ ಎಚ್ಚೆತ್ತು ಕೊಲಾಜನ್ ಕತ್ತರಿಸುವ ಕಿಣ್ವಗಳಿಗೆ ಕಡಿವಾಣ ಬೀಳುತ್ತದೆ. ಮೊಡವೆಗೆ ಇವುಗಳಲ್ಲಿ ಮೊದಲಿನ ಎರಡು ಮುಖ್ಯ, ಸುಕ್ಕಿಗೆ ಕೊನೆಯ ಎರಡು.

ಟ್ರೆಟಿನಾಯಿನ್ ಎಂದರೆ ರೆಟಿನೋಯಿಕ್ ಆಮ್ಲವೇ. ಹಚ್ಚಿದ್ದು ನೇರವಾಗಿ ಕೆಲಸಕ್ಕಿಳಿಯುತ್ತದೆ. ರೆಟಿನಾಲ್ಡಿಹೈಡ್ ಅದಕ್ಕಿಂತ ಒಂದು ಹೆಜ್ಜೆ ಹಿಂದೆ, ರೆಟಿನಾಲ್ ಎರಡು ಹೆಜ್ಜೆ ಹಿಂದೆ, ರೆಟಿನೈಲ್ ಪಾಲ್ಮಿಟೇಟ್ ಮೂರು ಹೆಜ್ಜೆ ಹಿಂದೆ. ಆ ಹೆಜ್ಜೆಗಳನ್ನು ಇಡಿಸುವುದು ಚರ್ಮದ ಕಿಣ್ವಗಳು, ಮತ್ತು ಪ್ರತಿ ಹೆಜ್ಜೆಯಲ್ಲೂ ಸೋರಿಕೆ ಇದೆ. ಅದರಲ್ಲೂ ರೆಟಿನಾಲ್ ಸಿಕ್ಕಿದಾಗ ಚರ್ಮ ತುಂಬ ಲೆಕ್ಕಾಚಾರದ್ದು: ಸ್ವಲ್ಪವನ್ನಷ್ಟೇ ಮುಂದಕ್ಕೆ ದೂಡುತ್ತದೆ, ಬಹುಪಾಲನ್ನು ಮತ್ತೆ ಎಸ್ಟರ್ (ರೆಟಿನೈಲ್ ಪಾಲ್ಮಿಟೇಟ್‌ನಂಥ ಜೋಡಿ ರೂಪ) ಮಾಡಿ ಉಗ್ರಾಣಕ್ಕೆ ಹಾಕುತ್ತದೆ. ರೆಟಿನಾಲ್ ಸೌಮ್ಯವಾಗಿರುವುದೂ ನಿಧಾನವಾಗಿರುವುದೂ ಈ ಒಂದೇ ಕಾರಣಕ್ಕೆ. ಅಡಾಪಲೀನ್ ಈ ಸರಪಳಿಯಲ್ಲೇ ಇಲ್ಲ. ಅದೇ ರಿಸೆಪ್ಟರ್‌ಗಳಿಗೆ ಹೊಂದುವಂತೆ ಪ್ರಯೋಗಾಲಯದಲ್ಲಿ ಕಟ್ಟಿದ ಬೇರೆಯೇ ಅಣು ಅದು. ಪರಿವರ್ತನೆಯ ಗೊಡವೆಯಿಲ್ಲ.

ಇಲ್ಲಿ ಕನ್ನಡದಲ್ಲಿ ಓದುವವರಿಗೆ ಮಾತ್ರ ಇರುವ ಒಂದು ತಾಪತ್ರಯ. ರೆಟಿನಾಲ್ಡಿಹೈಡ್‌ಗೆ ಇಂಗ್ಲಿಷಿನಲ್ಲಿ ಇನ್ನೊಂದು ಹೆಸರಿದೆ, ಅದನ್ನು ನಮ್ಮ ಲಿಪಿಯಲ್ಲಿ ಬರೆದರೆ ಅದೂ ‘ರೆಟಿನಾಲ್’ ಎಂದೇ ಆಗುತ್ತದೆ. ಡಬ್ಬಿಯ ಮೇಲೆ ಕೊನೆಯ ‘ಎಲ್’ ಅಕ್ಷರದ ಹಿಂದೆ ‘ಓ’ ಇದ್ದರೆ ರೆಟಿನಾಲ್, ‘ಎ’ ಇದ್ದರೆ ರೆಟಿನಾಲ್ಡಿಹೈಡ್. ಒಂದು ಅಕ್ಷರ ತಪ್ಪಿ ಓದಿದರೆ ಶೇಕಡಾವಾರಿನ ಲೆಕ್ಕ ಪೂರ್ತಿ ಅಡಿಮೇಲಾಗುತ್ತದೆ.

ಟ್ರೆಟಿನಾಯಿನ್: ಸಾಕ್ಷ್ಯ ಹೆಚ್ಚು, ಉರಿಯೂ ಹೆಚ್ಚು

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಮೊಡವೆಗೆ ಒಪ್ಪಿದ್ದು 1971ರಲ್ಲಿ. ಬಿಸಿಲಿನಿಂದ ಮುಪ್ಪಾದ ಚರ್ಮ ಇದರಿಂದ ಸುಧಾರಿಸುತ್ತದೆ ಎಂದು ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದರು. 1988ರಲ್ಲಿ 30 ಜನರ ಮೇಲೆ 16 ವಾರ ನಡೆದ ಪ್ರಯೋಗದಲ್ಲಿ 0.1% ಟ್ರೆಟಿನಾಯಿನ್ ಅನ್ನು ಔಷಧವಿಲ್ಲದ ಖಾಲಿ ಕ್ರೀಮಿನೊಂದಿಗೆ ಹೋಲಿಸಿದರು. ಸುಧಾರಣೆ ಎದ್ದು ಕಂಡಿತು. ಜೊತೆಗೆ 92% ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಚರ್ಮ ಕೆಂಪಾಗಿ ಸಿಪ್ಪೆ ಎದ್ದಿತು. ಈ ಎರಡನೆಯ ಸಂಖ್ಯೆಯನ್ನು ಎರಡು ಕಾರಣಕ್ಕೆ ನೆನಪಿಡಬೇಕು. ಒಂದು, 0.1% ಎಂಬುದು ಆರಂಭಿಸುವ ಪ್ರಮಾಣವಲ್ಲ. ಇನ್ನೊಂದು, ಒಂದು ಕ್ರೀಮ್ ಉರಿಯುತ್ತದೆ, ಇನ್ನೊಂದು ಉರಿಯುವುದಿಲ್ಲ ಎಂದಾದಾಗ ಯಾರಿಗೆ ಯಾವುದು ಸಿಕ್ಕಿದೆ ಎಂಬ ಗುಟ್ಟು ಹೆಚ್ಚು ದಿನ ಗುಟ್ಟಾಗಿ ಉಳಿಯುವುದಿಲ್ಲ. ರೆಟಿನಾಯ್ಡ್ ಪ್ರಯೋಗಗಳಿಗೆಲ್ಲ ಈ ದೌರ್ಬಲ್ಯ ಅಷ್ಟಿಷ್ಟು ಇದ್ದೇ ಇದೆ.

ಹಾಗಾಗಿ ಕಣ್ಣಳತೆಗಿಂತ ಚರ್ಮದ ತುಣುಕು ತೆಗೆದು ನೋಡಿದ ಅಧ್ಯಯನಗಳಿಗೆ ತೂಕ ಜಾಸ್ತಿ. 1993ರ ಅಂಥ ಒಂದು ಅಧ್ಯಯನದಲ್ಲಿ 10ರಿಂದ 12 ತಿಂಗಳು ಟ್ರೆಟಿನಾಯಿನ್ ಹಚ್ಚಿದವರ ಒಳಚರ್ಮದಲ್ಲಿ ಒಂದನೇ ಬಗೆಯ ಕೊಲಾಜನ್ ತಯಾರಿ 80% ಏರಿತ್ತು. ಖಾಲಿ ಕ್ರೀಮ್ ಹಚ್ಚಿದವರಲ್ಲಿ 14% ಇಳಿದಿತ್ತು. ಇಲ್ಲಿ ಊಹೆಗೆ ಜಾಗ ಕಡಿಮೆ.

ಆದರೆ ಕೊಳ್ಳುವವರಿಗೆ ಎಲ್ಲಕ್ಕಿಂತ ಉಪಯುಕ್ತವಾದ ಪ್ರಯೋಗ 1995ರದ್ದು ಎನ್ನುವುದು ನಮ್ಮ ಅಭಿಪ್ರಾಯ. ಅದರಲ್ಲಿ 0.1% ಮತ್ತು 0.025% ಟ್ರೆಟಿನಾಯಿನ್‌ಗಳನ್ನು 48 ವಾರ ಎದುರುಬದುರು ಇಟ್ಟರು. ಸುಕ್ಕು, ಒರಟುತನಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಕೆಂಪು, ಸಿಪ್ಪೆ, ಉರಿ ಮಾತ್ರ 0.025% ಗುಂಪಿನಲ್ಲಿ ಗಣನೀಯವಾಗಿ ಕಡಿಮೆ ಇತ್ತು. ನಾಲ್ಕು ಪಟ್ಟು ಔಷಧ ಸುರಿದರೂ ಫಲ ನಾಲ್ಕು ಪಟ್ಟಾಗಲಿಲ್ಲ, ಉರಿ ಏರಿತು ಅಷ್ಟೆ. ‘ಹೆಚ್ಚು ಪರ್ಸೆಂಟ್ ಕೊಡಿ’ ಎಂದು ಕೇಳುವ ಮುನ್ನ ಇದನ್ನು ನೆನೆದರೆ ಸಾಕು.

ಕ್ರೀಮೋ ಜೆಲ್ಲೋ ಎಂಬ ಪ್ರಶ್ನೆಗೆ ಉತ್ತರ ಸುಲಭ. ಒಣ ಚರ್ಮಕ್ಕೂ ಹೊಸಬರಿಗೂ ಕ್ರೀಮ್. ಎಣ್ಣೆ ಜಿನುಗುವ ಚರ್ಮಕ್ಕೆ ಜೆಲ್, ಆದರೆ ಆಲ್ಕೋಹಾಲ್ ಇರುವ ಜೆಲ್ ಅದೇ ಶೇಕಡಾವಾರಿನ ಕ್ರೀಮಿಗಿಂತ ಹೆಚ್ಚು ಚುರುಗುಟ್ಟಿಸುತ್ತದೆ. ಔಷಧವನ್ನು ಸಣ್ಣ ಸ್ಪಂಜುಗುಳಿಗೆಗಳಲ್ಲಿ ತುಂಬಿ ಸ್ವಲ್ಪಸ್ವಲ್ಪವೇ ಬಿಡುವ ಮೈಕ್ರೋಸ್ಫಿಯರ್ ಜೆಲ್‌ಗಳು ನಡುವಿನ ದಾರಿ.

ರೆಟಿನಾಲ್, ರೆಟಿನಾಲ್ಡಿಹೈಡ್

ರೆಟಿನಾಲ್ ಬಗ್ಗೆ ಹೆಚ್ಚಾಗಿ ಉಲ್ಲೇಖವಾಗುವುದು 2007ರ ಪ್ರಯೋಗ. ಸರಾಸರಿ 87 ವಯಸ್ಸಿನ 36 ಹಿರಿಯರ ಒಂದು ತೋಳಿಗೆ 0.4% ರೆಟಿನಾಲ್ ಲೋಶನ್, ಇನ್ನೊಂದು ತೋಳಿಗೆ ಖಾಲಿ ಲೋಶನ್. ವಾರಕ್ಕೆ ಮೂರು ಬಾರಿಯವರೆಗೆ, 24 ವಾರ. ರೆಟಿನಾಲ್ ಹಚ್ಚಿದ ತೋಳಿನಲ್ಲಿ ಸಣ್ಣ ನೆರಿಗೆಗಳು ಕಡಿಮೆಯಾದವು. ಒಬ್ಬರದೇ ಎರಡು ತೋಳು ಹೋಲಿಸಿದ್ದರಿಂದ ವಯಸ್ಸು, ಊಟ, ಆರೋಗ್ಯದ ವ್ಯತ್ಯಾಸಗಳು ಅಡ್ಡ ಬರಲಿಲ್ಲ, ಅದು ಇದರ ಬಲ. ದಿನಾ ಹಚ್ಚದೆಯೂ ಫಲ ಬಂತು ಎನ್ನುವುದು ಗಮನಿಸಬೇಕಾದ ಇನ್ನೊಂದು ಅಂಶ. ಆದರೆ ಇದು ಬಟ್ಟೆಯಡಿ ಇರುವ ಒಳತೋಳಿನಂಥ ಚರ್ಮದ ಕಥೆ. ಮೂವತ್ತೈದರ ಮುಖಕ್ಕೆ ಇದೇ ಅಂಕಿಗಳನ್ನು ಹಾಗೇ ಎತ್ತಿಡಲು ಬರುವುದಿಲ್ಲ.

ರೆಟಿನಾಲ್ ಟ್ರೆಟಿನಾಯಿನ್‌ಗಿಂತ ಇಷ್ಟೇ ಪಟ್ಟು ದುರ್ಬಲ ಎಂದು ಹೇಳುವ ಸೂತ್ರಗಳು ಓಡಾಡುತ್ತಿರುತ್ತವೆ. ಅವನ್ನು ಅಂಗಡಿಯ ತಕ್ಕಡಿಯಂತೆ ಬಳಸಬೇಡಿ. ಕ್ರೀಮಿನ ಮೂಲದ್ರವ್ಯ, ಪ್ಯಾಕಿಂಗ್, ತಯಾರಾಗಿ ಎಷ್ಟು ತಿಂಗಳಾಯಿತು ಎಂಬುದರ ಮೇಲೆ ಒಂದೇ 0.3% ಬೇರೆಬೇರೆ ಫಲ ಕೊಡುತ್ತದೆ.

ರೆಟಿನಾಲ್ಡಿಹೈಡ್‌ಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 1998ರಲ್ಲಿ 125 ಜನರ ಮೇಲೆ 44 ವಾರ ನಡೆದ ಹೋಲಿಕೆಯಲ್ಲಿ 0.05% ರೆಟಿನಾಲ್ಡಿಹೈಡ್ ಸುಕ್ಕಿನ ಅಳತೆಯಲ್ಲಿ 0.05% ಟ್ರೆಟಿನಾಯಿನ್‌ನ ಸಮೀಪಕ್ಕೆ ಬಂತು, ಚರ್ಮ ಅದನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡಿತು. ಮೊಡವೆಯಲ್ಲಿರುವ ಬ್ಯಾಕ್ಟೀರಿಯಾದ ಮೇಲೂ ಇದಕ್ಕೆ ನೇರ ಪರಿಣಾಮವಿದೆ, ಅದು ರೆಟಿನಾಲ್‌ಗಿಲ್ಲ. ಚೀಟಿಯಿಲ್ಲದ ಆಯ್ಕೆಗಳಲ್ಲಿ ನಮ್ಮ ಮೊದಲ ಮತ ಇದಕ್ಕೇ. ಮೈನಸ್ ಎಂದರೆ ಬೆಳಕು, ಗಾಳಿಗೆ ಬಹುಬೇಗ ಕೆಡುತ್ತದೆ. ಒಳ್ಳೆಯ ಪ್ಯಾಕಿಂಗಿನಲ್ಲಿ ಬಂದರಷ್ಟೇ ಕೊಳ್ಳಿ. ಹಳದಿ ಬಣ್ಣ ಇದರ ಸಹಜ ಬಣ್ಣ, ದಿಂಬಿನ ಹೊದಿಕೆಗೆ ಅಂಟಬಹುದು.

ಅಡಾಪಲೀನ್: ಮೊಡವೆಯವರ ಮೊದಲ ನಿಲ್ದಾಣ

ಐದು ಪ್ರಯೋಗಗಳ 900 ಜನರನ್ನು ಒಟ್ಟು ಸೇರಿಸಿ ನೋಡಿದ 1998ರ ವಿಶ್ಲೇಷಣೆಯಲ್ಲಿ 0.1% ಅಡಾಪಲೀನ್ ಜೆಲ್ ಮೊಡವೆಯ ಮೇಲೆ 0.025% ಟ್ರೆಟಿನಾಯಿನ್ ಜೆಲ್‌ನಷ್ಟೇ ಕೆಲಸ ಮಾಡಿತು, ಉರಿ ಕಡಿಮೆ ಕೊಟ್ಟಿತು. ಅಮೆರಿಕದಲ್ಲಿ 1996ರಲ್ಲಿ ಚೀಟಿ ಔಷಧವಾಗಿ ಬಂದ ಇದನ್ನು 2016ರಲ್ಲಿ ಅಲ್ಲಿ ಚೀಟಿಯಿಲ್ಲದೆ ಮಾರಲು ಬಿಟ್ಟರು; ಬೇರೆ ಎಷ್ಟೋ ದೇಶಗಳಲ್ಲಿ ಇನ್ನೂ ಚೀಟಿ ಬೇಕು.

ಇದರ ದೊಡ್ಡ ಗುಣ ಗಟ್ಟಿತನ. ಟ್ರೆಟಿನಾಯಿನ್ ಜೆಲ್ ಅನ್ನು ಮೊಡವೆಯ ಇನ್ನೊಂದು ಔಷಧವಾದ ಬೆನ್ಜಾಯಿಲ್ ಪೆರಾಕ್ಸೈಡ್ ಜೊತೆ ಸೇರಿಸಿ ಬೆಳಕಿನಲ್ಲಿಟ್ಟಾಗ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು, 24 ಗಂಟೆಯಲ್ಲಿ ಬಹುತೇಕ ಎಲ್ಲವೂ ನಾಶವಾಗಿತ್ತು. ಅಡಾಪಲೀನ್ ಹಾಗೇ ಉಳಿದಿತ್ತು. ಮೊಡವೆಗೆ ಈ ಎರಡನ್ನೂ ಒಟ್ಟಿಗೆ ಬಳಸುವವರೇ ಹೆಚ್ಚಾದ್ದರಿಂದ ಇದು ಸಣ್ಣ ಮಾತಲ್ಲ. ಎರಡೂ ಒಂದೇ ಟ್ಯೂಬಿನಲ್ಲಿ ಬೆರೆತು ಬರುವುದು ಸಾಧ್ಯವಾಗಿರುವುದೂ ಇದರಿಂದಲೇ.

ಸುಕ್ಕಿಗೆ? 2018ರಲ್ಲಿ ಪ್ರಕಟವಾದ 24 ವಾರಗಳ ಹೋಲಿಕೆಯಲ್ಲಿ 0.3% ಅಡಾಪಲೀನ್ ಜೆಲ್, 0.05% ಟ್ರೆಟಿನಾಯಿನ್ ಕ್ರೀಮಿಗೆ ಸರಿಸಾಟಿಯಾಗಿ ನಿಂತಿತು. ಆಸೆ ಹುಟ್ಟಿಸುವ ಫಲಿತಾಂಶವೇ, ಆದರೆ ಟ್ರೆಟಿನಾಯಿನ್‌ಗೆ ಇರುವ ಪ್ರಯೋಗಗಳ ರಾಶಿ ಇದಕ್ಕಿಲ್ಲ. ಮೂವತ್ತು ದಾಟಿದ ಮೇಲೂ ಮೊಡವೆ ಬಿಡದವರಿಗೆ, ಸುಕ್ಕಿನ ಚಿಂತೆಯೂ ಜೊತೆಗಿದ್ದರೆ, ಅಡಾಪಲೀನ್ ಒಂದೇ ಸಾಕು. ಎರಡೆರಡು ರೆಟಿನಾಯ್ಡ್ ಕೊಳ್ಳುವ ಅಗತ್ಯವಿಲ್ಲ.

ಉಳಿದವು

ರೆಟಿನೈಲ್ ಪಾಲ್ಮಿಟೇಟ್ ಇರುವ ಕ್ರೀಮುಗಳನ್ನು ಮಾಯಿಶ್ಚರೈಸರ್ ಎಂದುಕೊಂಡು ಕೊಳ್ಳಿ, ಆಗ ನಿರಾಸೆಯಾಗದು. ಅಣುವಿನ ತೂಕದ ಲೆಕ್ಕದಲ್ಲಿ 1.83 ಗ್ರಾಂ ಪಾಲ್ಮಿಟೇಟ್ 1 ಗ್ರಾಂ ರೆಟಿನಾಲ್‌ಗೆ ಸಮ, ಅಂದರೆ 0.5% ಪಾಲ್ಮಿಟೇಟ್ ಪೂರ್ತಿ ಪರಿವರ್ತನೆಯಾದರೂ 0.27% ರೆಟಿನಾಲ್ ಅಷ್ಟೆ. ಪೂರ್ತಿ ಪರಿವರ್ತನೆಯಂತೂ ಆಗುವುದಿಲ್ಲ.

ಹೈಡ್ರಾಕ್ಸಿಪಿನಾಕೊಲೋನ್ ರೆಟಿನೋಯೇಟ್ ಎಂಬ ನಾಲಿಗೆ ತಿರುಚುವ ಹೆಸರಿನದು ಹೊಸ ತಲೆಮಾರಿನ ಎಸ್ಟರ್. ಉರಿ ಕಡಿಮೆ ಎಂಬುದು ನಿಜ. ಫಲದ ಸಾಕ್ಷ್ಯ ತೆಳು.

ಬಾಕುಚಿಯಾಲ್ ರೆಟಿನಾಯ್ಡ್ ಅಲ್ಲವೇ ಅಲ್ಲ, ಬಾಕುಚಿ ಬೀಜದಿಂದ ತೆಗೆದ ಬೇರೆ ರಾಸಾಯನಿಕ. 2019ರ ಪ್ರಯೋಗವೊಂದರಲ್ಲಿ 44 ಜನ 12 ವಾರ ಬಳಸಿ ನೋಡಿದರು: ದಿನಕ್ಕೆರಡು ಬಾರಿ 0.5% ಬಾಕುಚಿಯಾಲ್ ಒಂದು ಗುಂಪಿಗೆ, ದಿನಕ್ಕೊಮ್ಮೆ 0.5% ರೆಟಿನಾಲ್ ಇನ್ನೊಂದಕ್ಕೆ. ಸುಕ್ಕಿನಲ್ಲೂ ಕಲೆಯಲ್ಲೂ ಎರಡಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಿಪ್ಪೆ, ಉರಿ ರೆಟಿನಾಲ್ ಗುಂಪಿನಲ್ಲಿ ಹೆಚ್ಚು. ಇದನ್ನು ‘ರೆಟಿನಾಲ್‌ಗೆ ಸಮ’ ಎಂದು ಡಬ್ಬಿ ಮೇಲೆ ಬರೆಯುವಾಗ ಎರಡು ಸಂಗತಿ ಮುಚ್ಚಿಹೋಗುತ್ತವೆ. 44 ಜನರ ಪ್ರಯೋಗದಲ್ಲಿ ವ್ಯತ್ಯಾಸ ಕಾಣದಿರುವುದಕ್ಕೂ ವ್ಯತ್ಯಾಸ ಇಲ್ಲದಿರುವುದಕ್ಕೂ ಅಂತರವಿದೆ. ಮತ್ತೆ, ಖಾಲಿ ಕ್ರೀಮ್ ಹಚ್ಚಿದ ಮೂರನೇ ಗುಂಪು ಅಲ್ಲಿರಲಿಲ್ಲ. ಬರಿಯ ತೇವದಿಂದಲೇ ಸಣ್ಣ ನೆರಿಗೆಗಳು ತುಂಬಿಕೊಂಡಂತೆ ಕಾಣುತ್ತವೆ, ಹಾಗಾಗಿ ಎಷ್ಟು ಫಲ ಯಾವುದರದ್ದು ಎಂದು ಬಿಡಿಸಲಾಗದು. ರೆಟಿನಾಯ್ಡ್ ಯಾವುದನ್ನೂ ತಾಳದ ಚರ್ಮಕ್ಕೆ ಇದು ಯೋಗ್ಯ ಆಯ್ಕೆ. ಆದರೆ ಶುದ್ಧ ಬಾಕುಚಿಯಾಲ್ ಬೇರೆ, ಬಾಕುಚಿ ಎಣ್ಣೆ ಬೇರೆ. ಬೀಜದ ಎಣ್ಣೆಯಲ್ಲಿ ಸೊರಾಲೆನ್‌ಗಳಿರುತ್ತವೆ, ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಗುಳ್ಳೆ ಏಳಬಹುದು.

ಡಬ್ಬಿಯ ಮೇಲಿನ ಲೆಕ್ಕ

‘2% ರೆಟಿನಾಯ್ಡ್ ಕಾಂಪ್ಲೆಕ್ಸ್’ ಎಂದಿದ್ದರೆ ಯಾವುದರ 2% ಎಂದು ಕೇಳಬೇಕು. ತಯಾರಕರಿಗೆ ಕಚ್ಚಾ ವಸ್ತು ಬರುವುದೇ ಮಿಶ್ರಣವಾಗಿ. ಮೇಲೆ ಹೇಳಿದ ಹೈಡ್ರಾಕ್ಸಿಪಿನಾಕೊಲೋನ್ ರೆಟಿನೋಯೇಟ್‌ನ ಹೆಸರಾಂತ ಮಿಶ್ರಣದಲ್ಲಿ ಅಸಲಿ ವಸ್ತು 10% ಮಾತ್ರ, ಉಳಿದದ್ದು ದ್ರಾವಕ. ಅದನ್ನು 2% ಹಾಕಿದರೆ ಬಾಟಲಿಯಲ್ಲಿ ನಿಜಕ್ಕೂ ಇರುವುದು 0.2%. ರೆಟಿನಾಲ್ ಕೂಡ ಎಣ್ಣೆಯಲ್ಲಿ ಕರಗಿದ 10% ರೂಪದಲ್ಲೋ, 50% ರೂಪದಲ್ಲೋ ಬರುತ್ತದೆ. ‘ಶುದ್ಧ ರೆಟಿನಾಲ್ 0.3%’ ಎಂದು ನೇರವಾಗಿ ಬರೆದವರನ್ನು ನಂಬಿ. ‘ಕಾಂಪ್ಲೆಕ್ಸ್’, ‘ಬ್ಲೆಂಡ್’, ‘ಸಿಸ್ಟಮ್’ ಎಂಬ ಪದಗಳ ಮುಂದಿನ ದೊಡ್ಡ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

1% ರೆಟಿನಾಲ್ ಹುಡುಕುವವರಿಗೆ ಒಂದು ಸುದ್ದಿ. ಐರೋಪ್ಯ ಒಕ್ಕೂಟ 2024ರ ನಿಯಮದಲ್ಲಿ ಮುಖದ ಕ್ರೀಮುಗಳಿಗೆ 0.3%, ಮೈಗೆ ಹಚ್ಚುವ ಲೋಶನ್‌ಗೆ 0.05% ರೆಟಿನಾಲ್‌ನ ಮಿತಿ ಹಾಕಿದೆ. ಹೊಸದಾಗಿ ಮಾರುಕಟ್ಟೆಗೆ ಬರುವವಕ್ಕೆ 2025ರ ನವೆಂಬರ್ 1ರಿಂದ, ಮೊದಲೇ ಇರುವವಕ್ಕೆ 2027ರ ಮೇ 1ರಿಂದ ಇದು ಅನ್ವಯ. ರೆಟಿನೈಲ್ ಪಾಲ್ಮಿಟೇಟ್, ರೆಟಿನೈಲ್ ಅಸಿಟೇಟ್‌ಗಳೂ ಇದೇ ಲೆಕ್ಕದಲ್ಲಿ ಬರುತ್ತವೆ. ಊಟ, ಮಾತ್ರೆ, ಕ್ರೀಮ್ ಎಲ್ಲ ಕೂಡಿ ದೇಹಕ್ಕೆ ವಿಟಮಿನ್ ಎ ಮಿತಿಮೀರಬಾರದು ಎಂಬುದು ಅದರ ಹಿಂದಿನ ಕಾಳಜಿ. ಮುಖಕ್ಕೆ ಅಪಾಯ ಎಂಬ ಅರ್ಥವಲ್ಲ.

ಪ್ಯಾಕಿಂಗ್ ಬಗ್ಗೆ ನಾವು ಹಟಮಾರಿಗಳು. ಮಾರುಕಟ್ಟೆಯ 16 ಉತ್ಪನ್ನಗಳನ್ನು ಆರು ತಿಂಗಳು 25 ಡಿಗ್ರಿಯಲ್ಲಿ ಇಟ್ಟು ನೋಡಿದ 2021ರ ಅಧ್ಯಯನದಲ್ಲಿ ಕೆಲವದರಲ್ಲಿ ರೆಟಿನಾಯ್ಡ್ ಒಂದಿಷ್ಟೂ ಕಳೆದಿರಲಿಲ್ಲ, ಕೆಲವದರಲ್ಲಿ 80%ವರೆಗೆ ಹೋಗಿತ್ತು. 40 ಡಿಗ್ರಿಯಲ್ಲಿ ನಷ್ಟ 40ರಿಂದ 100%. ಬಾಯಗಲದ ಡಬ್ಬಿ, ಪಾರದರ್ಶಕ ಗಾಜಿನ ಡ್ರಾಪರ್ ಬಾಟಲಿ ಎರಡನ್ನೂ ಬಿಟ್ಟುಬಿಡಿ. ಸಣ್ಣ ಬಾಯಿಯ ಅಲ್ಯೂಮಿನಿಯಂ ಟ್ಯೂಬ್ ಅಥವಾ ಗಾಳಿ ಒಳಹೋಗದ ಪಂಪ್ ಬಾಟಲಿ ಸರಿ. ದೊಡ್ಡ ಪ್ಯಾಕ್ ಅಗ್ಗವೆಂದು ತರಬೇಡಿ.

ಹಚ್ಚುವ ಬಗೆ, ವಾರದ ಲೆಕ್ಕ

ಪೂರ್ತಿ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಸುಮಾರು ಕಾಲು ಗ್ರಾಂ. ಹಾಗಾಗಿ 20 ಗ್ರಾಂ ಟ್ಯೂಬ್ 80 ರಾತ್ರಿ ಬರಬೇಕು. ತಿಂಗಳಿಗೇ ಮುಗಿದರೆ ಹಚ್ಚುತ್ತಿರುವುದು ಜಾಸ್ತಿ. ಒಂದೇ ಕಡೆ ಬಟಾಣಿಯನ್ನು ಇಟ್ಟು ಉಜ್ಜಿದರೆ ಮೊದಲು ಮುಟ್ಟಿದ ಕೆನ್ನೆ ಪೂರ್ತಿ ಪಾಲು ಹೀರಿಕೊಂಡು ಉರಿಯುತ್ತದೆ, ಗಲ್ಲಕ್ಕೆ ಏನೂ ಉಳಿಯುವುದಿಲ್ಲ. ಬದಲಿಗೆ ಬೆರಳ ತುದಿಯಿಂದ ಹಣೆಗೆ ಎರಡು, ಒಂದೊಂದು ಕೆನ್ನೆಗೆ ಎರಡೆರಡು, ಗಲ್ಲಕ್ಕೊಂದು ಚುಕ್ಕೆ ಇಟ್ಟು ಆಮೇಲೆ ತೆಳುವಾಗಿ ಹರಡಿ. ಮೊಡವೆ ಇರುವ ಕಡೆ ಮಾತ್ರ ತಟ್ಟುವುದು ಹಳೆಯ ತಪ್ಪು. ಔಷಧ ಕೆಲಸ ಮಾಡುವುದು ಇನ್ನೂ ಏಳದ ಮೊಡವೆಯ ಮೇಲೆ, ಆದ್ದರಿಂದ ಏಳುವ ಜಾಗಕ್ಕೆಲ್ಲ ಹಚ್ಚಬೇಕು.

ಹಚ್ಚುವ ಮೊದಲು ಸೌಮ್ಯ ಫೇಸ್‌ವಾಶ್‌ನಿಂದ ತೊಳೆದು, ಒರೆಸಿ, 20ರಿಂದ 30 ನಿಮಿಷ ಬಿಡಿ. ಒದ್ದೆ ಚರ್ಮದ ಮೇಲೆ ಹಚ್ಚಿದರೆ ಹೊಸಬರಿಗೆ ಚುರುಗುಟ್ಟುವುದು ಹೆಚ್ಚು. ಮೂಗಿನ ಹೊಳ್ಳೆಯ ಮಡಿಕೆ, ತುಟಿಯ ಮೂಲೆ, ಕಣ್ಣಿನ ಹೊರತುದಿ ಈ ಮೂರು ಕಡೆ ಮೊದಲೇ ಚೂರು ವ್ಯಾಸಲೀನ್ ಸವರಿಡಿ. ರೆಟಿನಾಯ್ಡ್ ಬಿಡುವವರಲ್ಲಿ ಅನೇಕರು ಮುಖ ಪೂರ್ತಿ ಕೆಟ್ಟಿತೆಂದು ಬಿಡುವುದಲ್ಲ, ಈ ಮೂಲೆಗಳು ಬಿರಿದು ನೋವಾಯಿತೆಂದು ಬಿಡುವುದು.

ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ. ಮೂರು, ನಾಲ್ಕನೇ ವಾರ ಒಂದು ದಿನ ಬಿಟ್ಟು ಒಂದು ದಿನ. ಐದನೇ ವಾರದಿಂದ, ಚರ್ಮ ಒಪ್ಪಿದರೆ, ದಿನಾ. ಒಪ್ಪದಿದ್ದರೆ ದಿನ ಬಿಟ್ಟು ದಿನದಲ್ಲೇ ಇರಿ, ಅದರಲ್ಲಿ ಸೋಲೇನಿಲ್ಲ. ಒಣ ಚರ್ಮದವರು ಮೊದಲು ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷದ ನಂತರ ರೆಟಿನಾಯ್ಡ್ ಹಚ್ಚಬಹುದು. ಅದೂ ಆಗದವರಿಗೆ ಇನ್ನೊಂದು ಉಪಾಯ: ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯುವುದು. ಟ್ರೆಟಿನಾಯಿನ್‌ನಲ್ಲಿ ಹೀಗೆ ಮಾಡಿ ಮೊಡವೆಗೆ ಫಲ ಕಂಡ ಅಧ್ಯಯನವಿದೆ.

ರಾತ್ರಿಯೇ ಏಕೆ? ಟ್ರೆಟಿನಾಯಿನ್, ರೆಟಿನಾಲ್‌ಗಳು ಬೆಳಕಿಗೆ ಒಡೆದುಹೋಗುತ್ತವೆ. ಹಗಲು ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಬೇಕೇಬೇಕು, ಆರಂಭದ ವಾರಗಳಲ್ಲಿ ಚರ್ಮದ ಮೇಲ್ಪದರ ತೆಳುವಾಗಿ ಬೇಗ ಸುಡುತ್ತದೆ. ರಾತ್ರಿ ರೆಟಿನಾಯ್ಡ್ ಹಚ್ಚಿ ಹಗಲು ಬರಿಮುಖದಲ್ಲಿ ಓಡಾಡುವುದು ತೂತು ಬಿಂದಿಗೆಗೆ ನೀರು ಹೊತ್ತಂತೆ.

ಎಲ್ಲಿ ಕೈಕೊಡುತ್ತದೆ

ಎರಡನೇ ವಾರದಿಂದ ಆರನೇ ವಾರದೊಳಗೆ ಮೊಡವೆ ಹೆಚ್ಚಾಗಬಹುದು. ಒಳಗೆ ಕಟ್ಟಿಕೊಂಡಿದ್ದದ್ದು ಬೇಗ ಮೇಲೆ ಬರುವುದು ಅದು. ಆದರೆ ಎಲ್ಲ ಗುಳ್ಳೆಗೂ ಈ ಸಮಜಾಯಿಷಿ ಕೊಡಬೇಡಿ. ಯಾವಾಗಲೂ ಏಳುವ ಜಾಗದಲ್ಲೇ ಎದ್ದು, ಬೇಗ ಮಾಗಿ, ಎರಡು ತಿಂಗಳೊಳಗೆ ಇಳಿದರೆ ಸರಿ. ಎಂದೂ ಮೊಡವೆ ಕಾಣದ ಜಾಗದಲ್ಲಿ ಒಂದೇ ಅಳತೆಯ ಸಣ್ಣ ಗುಳ್ಳೆಗಳು ನವೆಯೊಡನೆ ಬಂದರೆ ಅದು ಚರ್ಮ ಕೆರಳಿದ್ದು, ಅಥವಾ ಅಲರ್ಜಿ. ನಿಲ್ಲಿಸಬೇಕು.

ಸಾದಾ ನೀರು ಬಿದ್ದರೂ ಉರಿಯುತ್ತಿದೆ, ದಿನಾ ಹಚ್ಚುವ ಮಾಯಿಶ್ಚರೈಸರ್ ಕೂಡ ಚುರ್ ಎನ್ನುತ್ತಿದೆ ಎಂದರೆ ಮೇಲ್ಪದರದ ತಡೆಗೋಡೆ ಹಾಳಾಗಿದೆ. ಆಗ ರೆಟಿನಾಯ್ಡ್, ಆಮ್ಲ, ವಿಟಮಿನ್ ಸಿ ಎಲ್ಲ ಬಂದ್. ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮೂರೇ ಇಟ್ಟುಕೊಂಡು ಉರಿ ಪೂರ್ತಿ ಹೋಗುವವರೆಗೆ ಕಾಯಿರಿ, ಒಂದೆರಡು ವಾರ ಹಿಡಿಯಬಹುದು. ಮತ್ತೆ ಶುರುಮಾಡುವಾಗ ಬಿಟ್ಟ ಕಡೆಯಿಂದಲ್ಲ, ವಾರಕ್ಕೆರಡು ರಾತ್ರಿಯಿಂದ.

ಕಂದು, ಕಪ್ಪು ಚರ್ಮದವರಿಗೆ ಈ ಕೆರಳುವಿಕೆ ತಾತ್ಕಾಲಿಕ ಕಿರಿಕಿರಿಯಷ್ಟೇ ಆಗಿರುವುದಿಲ್ಲ. ಉರಿಯೂತ ಆರಿದ ಜಾಗದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದೇ ಕಲೆಗೆ ಮದ್ದೂ ರೆಟಿನಾಯ್ಡೇ ಎನ್ನುವುದು ಇಲ್ಲಿನ ಇಕ್ಕಟ್ಟು. 1993ರಲ್ಲಿ ಕಪ್ಪು ಚರ್ಮದ 54 ಜನರಲ್ಲಿ 40 ವಾರ 0.1% ಟ್ರೆಟಿನಾಯಿನ್ ಬಳಸಿದ ಪ್ರಯೋಗದಲ್ಲಿ 92% ಜನರ ಕಲೆ ತಿಳಿಯಾಯಿತು, ಖಾಲಿ ಕ್ರೀಮಿನವರಲ್ಲಿ 57%. ಆದರೆ ಟ್ರೆಟಿನಾಯಿನ್ ಹಚ್ಚಿದವರಲ್ಲಿ ಅರ್ಧದಷ್ಟು ಮಂದಿಗೆ ಚರ್ಮ ಕೆರಳಿತ್ತು. ಆದ್ದರಿಂದ ಗಾಢ ಚರ್ಮದವರು ಕಡಿಮೆ ಪ್ರಮಾಣ, ನಿಧಾನ ಏರಿಕೆ ಎರಡನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು. ಬಂಗು ಇರುವವರಂತೂ ವೈದ್ಯರ ಕಣ್ಣಳತೆಯಲ್ಲೇ ಬಳಸಿ.

ಜೊತೆಗಾರರ ವಿಷಯ ಬೇಗ ಮುಗಿಯುತ್ತದೆ. ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಜೊತೆಯಲ್ಲೇ ಹಚ್ಚಬಹುದು, ತಡೆಗೋಡೆಗೆ ಒಳ್ಳೆಯದೇ. ವಿಟಮಿನ್ ಸಿ ಬೆಳಿಗ್ಗೆ. ಗ್ಲೈಕೋಲಿಕ್, ಸ್ಯಾಲಿಸಿಲಿಕ್ ಆಮ್ಲಗಳು ರೆಟಿನಾಯ್ಡ್ ಇಲ್ಲದ ರಾತ್ರಿ, ಅದೂ ಎರಡು ತಿಂಗಳು ಕಳೆದ ಮೇಲೆ. ಟ್ರೆಟಿನಾಯಿನ್ ಬಳಸುವವರು ಬೆನ್ಜಾಯಿಲ್ ಪೆರಾಕ್ಸೈಡ್ ಅನ್ನು ಬೆಳಿಗ್ಗೆಗೆ ದೂಡಿ. ಸ್ಕ್ರಬ್ ಬೇಡವೇ ಬೇಡ. ಮುಖದ ಕೂದಲಿಗೆ ವ್ಯಾಕ್ಸಿಂಗ್ ಮಾಡಿಸುವವರು ಒಂದು ವಾರ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಕೂದಲಿನ ಜೊತೆ ಚರ್ಮವೂ ಕಿತ್ತು ಬರುತ್ತದೆ.

ಗರ್ಭಿಣಿಯರ ವಿಷಯದಲ್ಲಿ ನಿಯಮ ಸರಳ. ಇದೇ ಬಳಗದ ಮಾತ್ರೆಗಳು ಭ್ರೂಣಕ್ಕೆ ಹಾನಿ ಮಾಡುವುದು ಖಚಿತ. ಹಚ್ಚಿದ್ದು ರಕ್ತಕ್ಕೆ ಸೇರುವುದು ಅತ್ಯಲ್ಪ, ಆದರೂ ಸುಕ್ಕಿಗಾಗಿ ಆ ಅತ್ಯಲ್ಪವನ್ನೂ ಒಪ್ಪಬೇಕಾದ ಕಾರಣವಿಲ್ಲ. ತಿಳಿಯದೆ ಕೆಲವು ದಿನ ಹಚ್ಚಿದ್ದರೆ ಗಾಬರಿ ಬೇಡ, ನಿಲ್ಲಿಸಿ ವೈದ್ಯರಿಗೆ ಹೇಳಿ. ಆ ತಿಂಗಳುಗಳಲ್ಲಿ ಮೊಡವೆಗೂ ಕಲೆಗೂ ಅಜೆಲೈಕ್ ಆಮ್ಲ ಒಳ್ಳೆಯ ಬದಲಿ.

ಯಾವಾಗ ಬದಲಿಸಬೇಕು

ಮೊಡವೆಗೆ 12 ವಾರ, ಸುಕ್ಕಿಗೆ ಮತ್ತು ಕಲೆಗೆ 24 ವಾರ ಕೊಡದೆ ತೀರ್ಪು ಹೇಳಬೇಡಿ. ಮೊದಲ ದಿನ, ಆಮೇಲೆ ನಾಲ್ಕು ವಾರಕ್ಕೊಮ್ಮೆ, ಒಂದೇ ಕಿಟಕಿಯ ಬಳಿ ಒಂದೇ ಹೊತ್ತಿನಲ್ಲಿ ಫೋಟೊ ತೆಗೆದಿಡಿ. ಕನ್ನಡಿ ದಿನಾ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ. ಅಷ್ಟು ಕಾಲ ಉರಿಯಿಲ್ಲದೆ ದಿನಾ ಹಚ್ಚಿಯೂ ಏನೂ ಆಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ: 0.3% ರೆಟಿನಾಲ್‌ನಿಂದ ರೆಟಿನಾಲ್ಡಿಹೈಡ್‌ಗೆ, ಅಲ್ಲಿಂದ 0.025% ಟ್ರೆಟಿನಾಯಿನ್‌ಗೆ. ಮೆಟ್ಟಿಲು ಬದಲಿಸಿದಾಗ ಮತ್ತೆ ವಾರಕ್ಕೆರಡು ರಾತ್ರಿಯಿಂದಲೇ ಲೆಕ್ಕ ಶುರು.

ಮೇಲೆ ಹೋಗುವ ಮೊದಲು ಇರುವ ಬಾಟಲಿಯನ್ನೇ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ತಿಳಿಹಳದಿಯಾಗಿದ್ದ ರೆಟಿನಾಲ್ ಕಂದಿ ಹೋಗಿದ್ದರೆ, ಹಳಸಿದ ಎಣ್ಣೆಯ ವಾಸನೆ ಬರುತ್ತಿದ್ದರೆ, ತೆರೆದು ಆರು ತಿಂಗಳು ದಾಟಿದ್ದರೆ, ಫಲ ಬರದಿರಲು ಚರ್ಮ ಕಾರಣವಲ್ಲ. ಅದೇ ರೆಟಿನಾಲ್‌ನ ಹೊಸ ಟ್ಯೂಬ್ ತಂದು ಇನ್ನು ಮೂರು ತಿಂಗಳು ನೋಡಿ.